ಬಯಲಾಟ ಬ್ಯಾಲೆಯಾದ ಬಗೆ

ನಮ್ಮ ತಾಲ್ಲೂಕಿನ ಕೇಂದ್ರಸ್ಥಳಕ್ಕೆ ಮೂರು ಹೆಸರು. ಹಳಬರ ಬಾಯಲ್ಲಿ ಅದು ಹಿರೋಡೆ. ಈಗಿನ ಕಾಗದಪತ್ರಗಳಲ್ಲಿ ಪಾಂಡವಪುರ. ನಡುವೆ ಬಹುಕಾಲ ಫ್ರೆಂಚ್ ರಾಕ್ಸ್. ಹೈದರ್ ಮತ್ತು ಟಿಪ್ಪೂ ಇವರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಚಿನಕುರಳಿಯಿಂದ ಪಾಂಡವಪುರಕ್ಕೆ ಹೋಗುವಾಗ ಆ ಬಂಡೆಗಳು ಕಣ್ಣಿಗೆ ಬಿದ್ದರೆ ನನಗೆ ಒಂದು ಹುಡುಗಾಟದ ಯೋಚನೆ ಬರುವುದುಂಟು: ಇಷ್ಟು ದೂರ ಬಂದ ಫ್ರೆಂಚರು ಬಂದೂಕನ್ನೂ ಮದ್ದುಗುಂಡನ್ನೂ ತಂದರಲ್ಲದೆ ತಮ್ಮ ನಾಡಿನ ಬ್ಯಾಲೆಯನ್ನು ತರಲಿಲ್ಲ. ಆ ಮಾತು ನಮ್ಮ ಬಯಲಾಟದ ಜೊತೆ ಸೇರಿಕೊಂಡದ್ದು ಬಹಳ ತಡವಾಗಿ. ಅದೂ ಕೋಟದಲ್ಲಿ ಹುಟ್ಟಿ ಪುತ್ತೂರಿನಲ್ಲಿ ಬದುಕು ಕಟ್ಟಿದ ಒಬ್ಬ ಹಟವಾದಿ ಲೇಖಕರ ಕೈಯಿಂದ. ಡಾ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯನ್ನೂ ಅದಕ್ಕಾಗಿ ಅವರು ಉಡುಪಿಯನ್ನು ನೆಲೆಯಾಗಿಟ್ಟುಕೊಂಡು ನಡೆಸಿದ ‘ಯಕ್ಷರಂಗ’ವನ್ನೂ ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಮೂಡಲ ಸೀಮೆಯವನಿಗೆ ಪಡುವಣದ ಆಟದ ಗೊಡವೆ ಏಕೆಂದು ಕೇಳುವವರಿಗೆ ಉತ್ತರ ಮುಂದೆ ಬರುತ್ತದೆ.

ಬ್ಯಾಲೆ ಎಂದ ಕೂಡಲೆ ಕಾಲ್ಬೆರಳ ತುದಿಯ ಮೇಲೆ ನಿಂತು ತಿರುಗುವ ಬಿಳಿಯುಡುಪಿನ ನರ್ತಕಿಯರು ನೆನಪಾಗುತ್ತಾರೆ. ನಮ್ಮ ದೇಶದಲ್ಲಿ ಆ ಮಾತಿಗೆ ಅಂಥ ಅರ್ಥ ಹತ್ತಿಕೊಳ್ಳಲಿಲ್ಲ. ಉದಯಶಂಕರರು ೧೯೩೮ರಲ್ಲಿ ಆಲ್ಮೋರದಲ್ಲಿ ಕಲಾಕೇಂದ್ರ ತೆರೆದು, ಹಲವು ಪ್ರಾಂತಗಳ ಕುಣಿತಗಳನ್ನು ಒಂದು ಕಥೆಯ ದಾರದಲ್ಲಿ ಪೋಣಿಸಿ, ಮಾತಿಲ್ಲದೆ ರಂಗಕ್ಕೆ ತಂದಾಗಿನಿಂದ ಇಲ್ಲಿ ಬ್ಯಾಲೆಯೆಂದರೆ ಮೇಳಗೂಡಿ ಕುಣಿದು ಕಥೆ ಹೇಳುವುದು ಎಂದಾಯಿತು. ಅವರ ಗರಡಿಯಿಂದ ಬಂದ ಶಾಂತಿಬರ್ಧನರು ೧೯೫೨ರಲ್ಲಿ ಮುಂಬಯಿಯಲ್ಲಿ ಲಿಟಲ್ ಬ್ಯಾಲೆ ಟ್ರೂಪ್ ಕಟ್ಟಿ ರಾಮಾಯಣವನ್ನು ಸೂತ್ರದ ಬೊಂಬೆಗಳ ಚಲನೆಯಲ್ಲಿ ಆಡಿಸಿದರು. ನಮ್ಮ ಬೆಂಗಳೂರಿನವರೇ ಆದ ಮಾಯಾರಾವ್ ಅವರು ಸೋವಿಯತ್ ದೇಶಕ್ಕೆ ಹೋಗಿ ನೃತ್ಯಸಂಯೋಜನೆಯನ್ನು ಶಾಸ್ತ್ರವಾಗಿ ಕಲಿತು ಬಂದು, ೧೯೬೪ರಲ್ಲಿ ದಿಲ್ಲಿಯಲ್ಲಿ ಅದನ್ನು ಕಲಿಸುವ ಸಂಸ್ಥೆಯನ್ನು ತೆರೆದರು. ಇವರೆಲ್ಲರಿಗೂ ಕಾರಂತರಿಗೂ ಒಂದು ವ್ಯತ್ಯಾಸವಿದೆ. ಇವರು ಹಲವು ಕಡೆಯಿಂದ ತಂದು ಹೊಸತೊಂದನ್ನು ಕಟ್ಟಿದರು. ಕಾರಂತರ ಕೈಯಲ್ಲಿದ್ದುದು ಒಂದೇ ಒಂದು, ಹಳೆಯದು, ಅದೂ ತಮ್ಮ ಮನೆಯಂಗಳದ್ದು. ಅದರೊಳಗಿನಿಂದ ಏನನ್ನು ತೆಗೆಯಬೇಕು, ಏನನ್ನು ಉಳಿಸಬೇಕು ಎಂಬುದೇ ಅವರ ಯೋಚನೆ.

ಕಾರಂತರು ಹುಟ್ಟಿದ್ದು ೧೯೦೨ರ ಅಕ್ಟೋಬರ್ ೧೦ರಂದು. ಕಾಲೇಜು ಬಿಟ್ಟು ಚಳವಳಿಗೆ ಇಳಿದು, ಪತ್ರಿಕೆ ನಡೆಸಿ, ನಾಟಕ ಬರೆದು, ಆಡಿ, ಆಡಿಸಿ, ಕೈ ಸುಟ್ಟುಕೊಂಡ ಕತೆಯನ್ನೆಲ್ಲ ಅವರೇ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಹತ್ತು ಮುಖಗಳಲ್ಲಿ ಒಂದನ್ನು ಜನ ಸುಲಭವಾಗಿ ಮರೆಯುತ್ತಾರೆ: ೧೯೩೦ರ ಸುಮಾರಿಗೆ ಅವರು ‘ಡೊಮಿಂಗೊ’ ಎಂಬ ಮೂಕಚಿತ್ರವನ್ನು ತೆಗೆದರು, ಅದರ ಬೆನ್ನಿಗೆ ‘ಭೂತರಾಜ್ಯ’ವನ್ನೂ ತೆಗೆದರು. ಮೂಕಚಿತ್ರಗಳ ಕಾಲ ಮುಗಿಯುತ್ತಿದ್ದಾಗ ಮೂಕಚಿತ್ರಕ್ಕೆ ಕೈಹಾಕಿದ್ದು ವ್ಯಾಪಾರದ ದೃಷ್ಟಿಯಿಂದ ಜಾಣತನವಲ್ಲ. ಆದರೆ ಬಾಯಿ ಮುಚ್ಚಿಕೊಂಡ ಮನುಷ್ಯದೇಹ ಎಷ್ಟನ್ನು ಹೇಳಬಲ್ಲದು ಎಂಬ ಕುತೂಹಲ ಅವರಲ್ಲಿ ಆಗಲೇ ಇತ್ತೆನ್ನುವುದಕ್ಕೆ ಇದೊಂದು ಸಾಕ್ಷಿ. ಮಾತಿನಲ್ಲಿ ಮಹಾ ಖಡಾಖಂಡಿಯಾಗಿದ್ದವರು, ನಲವತ್ತಕ್ಕೂ ಮೇಲ್ಪಟ್ಟು ಕಾದಂಬರಿ ಬರೆದವರು, ರಂಗದ ಮೇಲೆ ಮಾತನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರೆಂಬುದು ನನಗೆ ಯಾವಾಗಲೂ ಸೋಜಿಗ.

೧೯೩೦ರ ದಶಕದಲ್ಲಿ ಅವರು ಪುತ್ತೂರಿನಲ್ಲಿ ನೆಲೆಯೂರಿ, ದಸರೆಯ ನಾಡಹಬ್ಬದ ನೆಪದಲ್ಲಿ ವರ್ಷವರ್ಷವೂ ರಂಗಪ್ರಯೋಗಗಳನ್ನು ನಡೆಸಿದರು. ‘ಮುಕ್ತದ್ವಾರ’, ‘ಕಿಸಾಗೋತಮಿ’ ಮುಂತಾದ ಗೀತನಾಟಕಗಳು ಆಗಿನವು. ಅದೇ ಕಾಲದಲ್ಲಿ, ಅವರಿಂದ ನೂರಾರು ಮೈಲಿ ದೂರದಲ್ಲಿ, ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರ ಮನಸ್ಸಿನಲ್ಲಿಯೂ ಗೀತನಾಟಕದ ಹಂಬಲವೇ ಬೆಳೆಯುತ್ತಿತ್ತು. ‘ಅಹಲ್ಯೆ’, ‘ಗೋಕುಲ ನಿರ್ಗಮನ’ಗಳು ಬಂದದ್ದು ೧೯೪೦ರ ದಶಕದಲ್ಲಿ. ಎರಡೂ ಗೀತನಾಟಕವೇ ಆದರೂ ದಾರಿಗಳು ಬೇರೆ ಬೇರೆ. ಪುತಿನ ಅವರಿಗೆ ಶಬ್ದವೇ ನಾದವಾಗಬೇಕು, ನಾದವೇ ಭಾವವಾಗಬೇಕು. ಕುಣಿತವನ್ನು ಅವರು ಬೇಡವೆನ್ನಲಿಲ್ಲ. ಆದರೆ ಅವರ ಕಿವಿ ಅವರ ಕಣ್ಣಿಗಿಂತ ದೊಡ್ಡದು. ಕಾರಂತರದು ಅದಕ್ಕೆ ತಿರುಗುಮುರುಗು. ಗೀತನಾಟಕದಿಂದ ಅವರು ತೃಪ್ತರಾಗಿ ಅಲ್ಲೇ ನಿಲ್ಲಲಿಲ್ಲ. ದೇಹಕ್ಕೊಂದು ನುಡಿಕಟ್ಟು ಬೇಕು, ಅದು ತಲೆಮಾರುಗಳಿಂದ ತಿದ್ದಿ ತೀಡಿದ್ದಾಗಿರಬೇಕು. ಅಂಥದನ್ನು ಹುಡುಕುತ್ತ ಹೋದವರಿಗೆ, ಹುಡುಗನಾಗಿದ್ದಾಗ ಕೋಟದ ಸುತ್ತಮುತ್ತಲ ಬಯಲುಗಳಲ್ಲಿ ನೋಡಿದ್ದ ಆಟವೇ ಸಿಕ್ಕಿತು.

ಸಿಕ್ಕಿದ್ದನ್ನು ಕೂಡಲೆ ರಂಗಕ್ಕೆ ತಂದುಬಿಡಲಿಲ್ಲ ಎಂಬುದು ಅವರ ಹೆಚ್ಚುಗಾರಿಕೆ. ತಾಳೆಗರಿ ಮತ್ತು ಕಾಗದದ ಹಸ್ತಪ್ರತಿಗಳನ್ನು ಹುಡುಕಿದರು. ವೃದ್ಧ ಭಾಗವತರನ್ನು ಕೂರಿಸಿಕೊಂಡು ಹಾಡಿಸಿದರು. ವೇಷಗಾರರ ಪೆಟ್ಟಿಗೆಗಳನ್ನು ತೆಗೆಸಿ ನೋಡಿದರು. ಈ ದುಡಿಮೆಯೆಲ್ಲ ೧೯೫೭ರಲ್ಲಿ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥವಾಗಿ ಹೊರಬಂತು. ೧೯೫೯ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕಾದಂಬರಿಗಳ ರಾಶಿಯನ್ನೇ ಬರೆದವರಿಗೆ ಆ ಪ್ರಶಸ್ತಿ ಒಂದು ಸಂಶೋಧನಗ್ರಂಥಕ್ಕಾಗಿ ದೊರೆತದ್ದನ್ನು ನಾನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ಹುಬ್ಬೇರಿಸುತ್ತಾರೆ.

ಆ ಹುಡುಕಾಟದಲ್ಲಿ ಅವರಿಗೆ ಕಂಡದ್ದು ಒಂದು ಸವಕಳಿ. ಪ್ರಸಂಗಗಳ ಹಳೆಯ ಪ್ರತಿಗಳಲ್ಲಿ ಪದ್ಯಗಳ ತಲೆಯ ಮೇಲೆ ಬರೆದಿಟ್ಟ ರಾಗಗಳು ಎಷ್ಟೋ ಇದ್ದವು. ಭಾಗವತರ ಕೊರಳಲ್ಲಿ ಉಳಿದವು ಅದರಲ್ಲಿ ಕೆಲವು ಮಾತ್ರ. ಹೆಜ್ಜೆಗಳ ಗತಿಯೂ ಅದೇ. ಹಗುರವಾದ ಮರದ ಆಭರಣ, ನೂಲಿನ ಸೀರೆ, ಕೆಂಪು ಕಪ್ಪು ಹಳದಿಗಳ ಗಟ್ಟಿ ಬಣ್ಣ ಇವು ಹಿಂದಾಗಿ, ನಾಟಕ ಕಂಪೆನಿಗಳಿಂದ ಬಂದ ಮಖಮಲ್ಲು, ಜರಿ, ಮಿಣಮಿಣ ಬಟ್ಟೆಗಳು ಮುಂದಾಗಿದ್ದವು. ಈ ಖಾಲಿ ಜಾಗವನ್ನೆಲ್ಲ ತುಂಬಿದ್ದು ಮಾತು. ಬಯಲಾಟದಲ್ಲಿ ಪದ್ಯವನ್ನು ಭಾಗವತ ಹಾಡುತ್ತಾನೆ, ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಆಮೇಲೆ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಆಗಿಂದಾಗ್ಗೆ ಕಟ್ಟಿ ಹೇಳುತ್ತಾನೆ. ಈ ಮೂರರಲ್ಲಿ ಮೂರನೆಯದು ಬೆಳೆಬೆಳೆದು ಮೊದಲಿನ ಎರಡನ್ನು ಮೂಲೆಗೆ ಒತ್ತಿತ್ತು ಎಂಬುದು ಕಾರಂತರ ದೂರು. ಅದೇ ಹೊತ್ತಿಗೆ ಕರಾವಳಿಯಲ್ಲಿ ಟಿಕೀಟಿಟ್ಟು ಆಡುವ ಡೇರೆಮೇಳಗಳು ಬಂದು, ವಿದ್ಯುದ್ದೀಪವೂ ಧ್ವನಿವರ್ಧಕವೂ ಬಂದು, ಸಿನೆಮಾದೊಡನೆ ಪೈಪೋಟಿಗೆ ನಿಲ್ಲಬೇಕಾಗಿ ಬಂದಿತ್ತು. ಡೇರೆಮೇಳಗಳನ್ನು ಇದಕ್ಕಾಗಿ ಹಳಿಯಲು ನಾನು ಸಿದ್ಧನಿಲ್ಲ. ಮುಂದೆ ಸಾಲಿಗ್ರಾಮ ಮೇಳದಲ್ಲಿ ‘ನಾಗಶ್ರೀ’ಯಂಥ ಹೊಸ ಪ್ರಸಂಗ ಬರೆದು ಹಾಡಿ, ೧೯೯೦ರಲ್ಲಿ ಇನ್ನೂ ಎಳೆಯ ಪ್ರಾಯದಲ್ಲೇ ತೀರಿಕೊಂಡ ಕಾಳಿಂಗ ನಾವಡರ ಕಂಠಕ್ಕೆ ಸೇರುತ್ತಿದ್ದ ಜನಸಾಗರ ಸುಳ್ಳಲ್ಲ. ಆಟ ಬದುಕಿಕೊಳ್ಳಲು ಹಲವು ದಾರಿ ಹುಡುಕಿತು. ಕಾರಂತರದು ಅವುಗಳಲ್ಲಿ ಒಂದು, ಜನಪ್ರಿಯತೆಯ ಕಡೆಗೆ ಬೆನ್ನುಹಾಕಿದ ದಾರಿ.

ಇಷ್ಟು ಹಿನ್ನೆಲೆಯ ಮೇಲೆ ಬ್ಯಾಲೆಯ ಸ್ವರೂಪವನ್ನು ನೋಡಬೇಕು. ೧೯೬೦ರ ದಶಕದಲ್ಲಿ ಅವರ ಪ್ರಯೋಗಗಳು ಈ ರೂಪಕ್ಕೆ ಬಂದವು; ಮುಂದಿನ ದಶಕದಲ್ಲಿ, ಎಪ್ಪತ್ತು ದಾಟಿದ ಪ್ರಾಯದಲ್ಲಿ, ಅವರು ‘ಯಕ್ಷರಂಗ’ದ ತಂಡವನ್ನು ಕಟ್ಟಿ ನಡೆಸಿದರು. ಮಾಡಿದ್ದೇನೆಂದರೆ, ಅರ್ಥವನ್ನು, ಎಂದರೆ ಮಾತನ್ನು, ಪೂರ್ತಿಯಾಗಿ ತೆಗೆದರು. ಇರುಳೆಲ್ಲ ಆಡುವ ಪ್ರಸಂಗವನ್ನು ಒಂದೆರಡು ಗಂಟೆಗೆ ಇಳಿಸಿದರು. ಪದ್ಯಗಳನ್ನು ಆರಿಸಿ, ಮರೆತುಹೋಗುತ್ತಿದ್ದ ರಾಗಗಳನ್ನು ಅವುಗಳಿಗೆ ಮತ್ತೆ ಹೊಂದಿಸಿದರು. ಚೆಂಡೆ, ಮದ್ದಳೆ, ತಾಳಗಳು ಉಳಿದವು. ಅವುಗಳ ಜೊತೆಗೆ ಪಿಟೀಲೂ ಸ್ಯಾಕ್ಸೋಫೋನೂ ಬಂದು ಕುಳಿತವು. ವೇಷಭೂಷಣದಲ್ಲಿ ಹಿಂದಕ್ಕೆ ಹೋದವರು ವಾದ್ಯದಲ್ಲಿ ಮುಂದಕ್ಕೆ ಹೋದದ್ದು ಹೇಗೆ ಎಂದು ಆಗಲೂ ಕೇಳಿದವರಿದ್ದರು. ನನಗೆ ತೋರುವುದು ಹೀಗೆ: ಭಾಗವತನ ಪದ್ಯ ಮುಗಿದು ಮಾತು ಶುರುವಾಗುತ್ತಿದ್ದ ಆ ತೆರಪನ್ನು ಈಗ ಏನಾದರೊಂದು ತುಂಬಬೇಕು. ಚೆಂಡೆಮದ್ದಳೆಗಳು ಲಯವನ್ನು ಕೊಡಬಲ್ಲವು. ಭಾವವನ್ನು ಎಳೆದು ನಿಲ್ಲಿಸುವ ಸ್ವರವನ್ನು ಕೊಡಲಾರವು. ಮಾತು ಬಿಟ್ಟು ಹೋದ ಜಾಗಕ್ಕೆ ಪಿಟೀಲು ಬಂದು ಕುಳಿತಿತು. ಹಾಗೆ ನೋಡಿದರೆ ಅದು ಅಲಂಕಾರವಲ್ಲ, ಅಗತ್ಯ.

ಉದಾಹರಣೆಗೆ ‘ಅಭಿಮನ್ಯು ವಧೆ’ಯನ್ನೇ ತೆಗೆದುಕೊಳ್ಳಿ. ಸಾಂಪ್ರದಾಯಿಕ ಆಟದಲ್ಲಿ ಹುಡುಗ ಅಭಿಮನ್ಯು ದೊಡ್ಡಪ್ಪನೊಡನೆ, ತಾಯಿಯೊಡನೆ, ಎದುರಾದ ಒಬ್ಬೊಬ್ಬ ವೀರನೊಡನೆ ಮಾತಿಗೆ ಮಾತು ಕೊಡುತ್ತ ಹೋಗುತ್ತಾನೆ. ಸಭಿಕರು ಅವನ ಜಾಣತನಕ್ಕೆ ತಲೆದೂಗುತ್ತಾರೆ. ಮಾತಿಲ್ಲವೆಂದ ಮೇಲೆ ಆ ಎಳೆಯ ಗರ್ವವೆಲ್ಲ ಕಾಲಿಗೆ ಇಳಿಯಬೇಕು. ಪ್ರವೇಶದ ಕುಣಿತಕ್ಕೂ ಪ್ರಯಾಣದ ಕುಣಿತಕ್ಕೂ ಯುದ್ಧದ ಕುಣಿತಕ್ಕೂ ಇರುವ ಭೇದ ಕಣ್ಣಿಗೆ ಹೊಡೆಯುವಂತೆ ಬೇರೆಬೇರೆಯಾಗಬೇಕು. ಮುತ್ತಿಕೊಂಡವರ ವೃತ್ತ ಕಿರಿದಾಗುತ್ತ ಬರುವುದೇ ಕಥೆಯಾಗಬೇಕು. ಕಲಾವಿದ ಮೈಗಳ್ಳನಾದರೆ ಮರೆಸಿಕೊಳ್ಳಲು ಒಂದು ವಾಕ್ಯವೂ ಇಲ್ಲ. ‘ನಳ ದಮಯಂತಿ’, ‘ಪಂಚವಟಿ’, ‘ಗಯ ಚರಿತ್ರೆ’, ‘ಭೀಷ್ಮ ವಿಜಯ’ ಮುಂತಾದವನ್ನೂ ಕಾರಂತರು ಹೀಗೆಯೇ ಕಟ್ಟಿದರು. ತಂಡದವರಿಗೆ ಹೇಳಿಕೊಡುವಾಗ ತಾವೇ ಎದ್ದು ಹೆಜ್ಜೆ ಹಾಕಿ ತೋರಿಸುತ್ತಿದ್ದರು. ಅವರ ಕೋಪದ ಕತೆಗಳಿಗೂ ಕರಾವಳಿಯಲ್ಲಿ ಬರವಿಲ್ಲ.

ಈ ಬ್ಯಾಲೆಯನ್ನು ಕುರಿತ ಮುಖ್ಯ ಆಕ್ಷೇಪಣೆ, ಯಕ್ಷಗಾನದ ಅರ್ಧ ಜೀವವನ್ನೇ ತೆಗೆದು ಹಾಕಿದರು ಎಂಬುದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮-೨೦೦೬) ವಾಲಿಯಾಗಿಯೋ ರಾವಣನಾಗಿಯೋ ಅರ್ಥ ಹೇಳಲು ಕುಳಿತರೆ ಅದು ಪುರಾಣದ ಮೇಲೆ ನಡೆದ ಹೊಸ ವಿಚಾರಣೆ. ಬರೆದಿಟ್ಟುಕೊಳ್ಳದೆ, ಎದುರಿನವನ ಮಾತಿಗೆ ಆ ಕ್ಷಣದಲ್ಲಿ ಹುಟ್ಟುವ ಕನ್ನಡ. ಪ್ರಪಂಚದ ರಂಗಭೂಮಿಗಳಲ್ಲಿ ಇಂಥದು ಅಪರೂಪ. ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆಯೆಂಬ ಪ್ರಕಾರ ನಿಂತಿರುವುದೇ ಈ ಮಾತಿನ ಮೇಲೆ. ಅದು ಎಷ್ಟು ಹಳೆಯದೆಂಬುದಕ್ಕೆ ನಮ್ಮ ಮೂಡಲದ ಬಳ್ಳಾರಿ ಸೀಮೆಯಲ್ಲೇ, ಕುರುಗೋಡಿನ ಕಡೆ ದೊರೆತ ೧೫೫೬ರ ಶಾಸನದಲ್ಲಿ, ತಾಳಮದ್ದಳೆಗಾಗಿ ಭೂಮಿ ಬಿಟ್ಟ ಪ್ರಸ್ತಾಪವಿದೆ. ಇಂಥ ಸಂಪತ್ತನ್ನು ಹೊರೆಯೆಂದು ಕಾರಂತರು ಇಳಿಸಿದ್ದು ಸರಿಯೆ? ಕನ್ನಡ ಪಾಠ ಹೇಳಿ ಅನ್ನ ತಿನ್ನುವವನಾಗಿ ನಾನು ಸರಿಯಲ್ಲವೆಂದೇ ಹೇಳಬೇಕಾಗುತ್ತದೆ. ಆದರೂ ಹೇಳಲಾರೆ. ಒಂದು ಕಲೆಯ ಎರಡು ಕೈಗಳಲ್ಲಿ ಒಂದು ಕೊಬ್ಬಿ ಇನ್ನೊಂದು ಬತ್ತುತ್ತಿರುವಾಗ, ಕೊಬ್ಬಿದ್ದನ್ನು ಕೆಲಕಾಲ ಕಟ್ಟಿಹಾಕಿ ಬತ್ತಿದ್ದಕ್ಕೆ ಕೆಲಸ ಕೊಡುವುದು ವೈದ್ಯನ ಕ್ರಮ. ಇದರಿಂದ ಸಾಂಪ್ರದಾಯಿಕ ಆಟದ ಮಾತು ನಿಂತುಹೋಗಲಿಲ್ಲ. ಮೇಳಗಳು ಮೇಳಗಳ ಪಾಡಿಗೆ, ಅರ್ಥಧಾರಿಗಳು ತಮ್ಮ ಪಾಡಿಗೆ ಇದ್ದರು. ಒಂದೇ ತಕರಾರು ನನ್ನದು: ‘ಬ್ಯಾಲೆ’ ಎಂಬ ಹೆಸರು. ೧೯೫೦ರ ದಶಕದ ಮೊದಲಲ್ಲಿ ಯೂರೋಪು ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದವರಿಗೆ ಹೊರಗಿನವರಿಗೆ ತಿಳಿಯುವ ಹೆಸರು ಬೇಕೆನಿಸಿದ್ದು ಸಹಜ. ಆದರೂ ಕನ್ನಡದಲ್ಲಿ ಸಾವಿರಾರು ಹೊಸ ಮಾತು ಟಂಕಿಸಿದವರು, ಮಕ್ಕಳಿಗಾಗಿ ಜ್ಞಾನಕೋಶವನ್ನೇ ಬರೆದವರು, ಇದಕ್ಕೊಂದು ಕನ್ನಡ ಹೆಸರು ಹುಡುಕಬಾರದಾಗಿತ್ತೆ?

ತಂಡವೆಂಬುದು ಒಬ್ಬನ ಆವೇಶದಿಂದ ಮಾತ್ರ ನಿಲ್ಲುವುದಿಲ್ಲ. ಇಲ್ಲಿ ಉಡುಪಿಯ ಮಹಾತ್ಮಗಾಂಧಿ ಸ್ಮಾರಕ ಕಾಲೇಜನ್ನೂ ಅದರ ಪ್ರಿನ್ಸಿಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರನ್ನೂ ನೆನೆಯಬೇಕು. ೧೯೭೧ರಲ್ಲಿ ಆ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಅದುವರೆಗೆ ಮೇಳದ ಹಿಂದೆ ಗಂಟು ಹೊತ್ತು ತಿರುಗಿ, ಕಂಡು ಕೇಳಿ ಕಲಿಯಬೇಕಾಗಿದ್ದ ವಿದ್ಯೆಯನ್ನು ಗುರುವಿನ ಮುಂದೆ ಕುಳಿತು ಕ್ರಮವಾಗಿ ಕಲಿಯುವಂತಾಯಿತು. ಮದ್ದಳೆಗೆ ಹಿರಿಯಡಕ ಗೋಪಾಲರಾಯರು, ಭಾಗವತಿಕೆಗೆ ನೀಲಾವರ ರಾಮಕೃಷ್ಣಯ್ಯನವರು, ಕುಣಿತಕ್ಕೆ ವೀರಭದ್ರ ನಾಯಕರು. ಗೋಪಾಲರಾಯರು ನೂರು ವರ್ಷ ದಾಟಿ ಬದುಕಿ ೨೦೨೦ರಲ್ಲಿ ತೀರಿಕೊಂಡರು. ಅಮೆರಿಕದ ಮಾರ್ತಾ ಆಶ್ಟನ್ ಎಂಬ ವಿದ್ವಾಂಸೆ ಉಡುಪಿಗೆ ಬಂದು ಆಟವನ್ನು ಕಲಿತು, ಅದರ ಮೇಲೆ ಇಂಗ್ಲಿಷಿನಲ್ಲಿ ಗ್ರಂಥ ಬರೆದದ್ದೂ ಆ ಕಾಲದಲ್ಲೇ. ಕಾರಂತರ ಬ್ಯಾಲೆಗೆ ಬೇಕಾದ ಪಳಗಿದ ಮೈಗಳು, ತಾಲೀಮಿನ ಶಿಸ್ತು ಇಂಥ ವಾತಾವರಣದಿಂದ ಒದಗಿದವು. ಯಕ್ಷರಂಗ ದೇಶದ ನಗರಗಳಲ್ಲಿಯೂ ಯೂರೋಪು ಮೊದಲಾದ ಹೊರನಾಡುಗಳಲ್ಲಿಯೂ ಪ್ರದರ್ಶನ ಕೊಟ್ಟಿತು. ಭಾಷೆಯ ಗೋಡೆಯಿಲ್ಲದ ಆಟ ಗಡಿ ದಾಟಿದ್ದು ಅಚ್ಚರಿಯಲ್ಲ. ಎಂಬತ್ತು ದಾಟಿದ ನಿರ್ದೇಶಕರು ಅದರ ಜೊತೆಗೇ ಓಡಾಡಿದ್ದು ಅಚ್ಚರಿ.

ಉತ್ತರ ಕನ್ನಡದ ಕೆರೆಮನೆಯವರ ಪ್ರಸ್ತಾಪವಿಲ್ಲದೆ ಈ ಕಥೆ ಕುಂಟುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ದಿಲ್ಲಿಗೆ ಹೋಗಿ, ಮೇಲೆ ಹೇಳಿದ ಮಾಯಾರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಾಸ ಮಾಡಿದರು. ಹಳ್ಳಿಯ ಮೇಳದ ಹುಡುಗನೊಬ್ಬ ಮಾಸ್ಕೋದಿಂದ ಬಂದ ವಿದ್ಯೆಯನ್ನು ದಿಲ್ಲಿಯಲ್ಲಿ ಕಲಿತು ಮತ್ತೆ ಹೊನ್ನಾವರದ ಕಡೆಯ ಬಯಲಿಗೆ ಮರಳಿದನೆಂದರೆ ಕಲೆಯ ಹಾದಿಗಳು ಎಷ್ಟು ಸುತ್ತುಬಳಸು ಎಂದು ಯೋಚಿಸಬೇಕು. ಅವರು ಮಾತನ್ನು ಬಿಡಲಿಲ್ಲ, ಅಳತೆಗೆ ತಂದರು. ಕಾರಂತರು ಒಂದು ತುದಿಯಲ್ಲಿ ನಿಂತು ತೋರಿಸಿದ್ದನ್ನು ಇವರು ಮೇಳದ ಆಟದೊಳಕ್ಕೇ ತಂದರೆನ್ನಬಹುದು. ೨೦೦೯ರ ಫೆಬ್ರವರಿ ಮೊದಲಲ್ಲಿ ಇಡಗುಂಜಿಯ ರಂಗದ ಮೇಲೆ ರಾಮನ ಪಾತ್ರದಲ್ಲಿದ್ದಾಗಲೇ ಅಸ್ವಸ್ಥರಾಗಿ ಶಂಭು ಹೆಗಡೆಯವರು ತೀರಿಕೊಂಡರು. ಮೇಳ ಅವರ ಮಗನ ಕೈಯಲ್ಲಿ ಮುಂದುವರಿದಿದೆ. ಕಾರಂತರು ೧೯೯೭ರ ಡಿಸೆಂಬರ್ ೯ರಂದು ತೀರಿಕೊಂಡ ಮೇಲೆ ಬ್ಯಾಲೆಯನ್ನು ಅವರ ಹಟದಲ್ಲಿ, ಅವರ ಕಣ್ಣಿನಲ್ಲಿ ಮುಂದಕ್ಕೆ ಒಯ್ಯುವ ಇನ್ನೊಬ್ಬರು ಬರಲಿಲ್ಲ. ಆದರೆ ಅವರಲ್ಲಿ ಪಳಗಿದ ಬನ್ನಂಜೆ ಸಂಜೀವ ಸುವರ್ಣರಂಥ ಗುರುಗಳಿಂದ ಯಕ್ಷಗಾನ ಕೇಂದ್ರದಲ್ಲಿ ಮಕ್ಕಳು ಹೆಜ್ಜೆ ಕಲಿತದ್ದುಂಟು. ತಂಡಗಳು ಕರಗಿದರೂ ಹೆಜ್ಜೆ ಹೀಗೆ ದಾಟಿಕೊಳ್ಳುತ್ತದೆ.

ಈಗ ನಮ್ಮ ಸೀಮೆಗೆ ಬರುತ್ತೇನೆ. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರದ ಹಳ್ಳಿಗಳಿಗೂ ಒಂದು ಯಕ್ಷಗಾನವಿತ್ತು: ಮೂಡಲಪಾಯ. ಅದಕ್ಕೂ ಭಾಗವತನಿದ್ದ, ಮದ್ದಳೆಯಿತ್ತು. ಜೊತೆಗೆ ಪಡುವಣದ ಆಟದಲ್ಲಿ ಕಾಣದ ಮುಖವೀಣೆಯಿತ್ತು. ಮರದ ಭುಜಕೀರ್ತಿ, ಎದೆಕಟ್ಟು, ಎತ್ತರದ ಕಿರೀಟ ಇದ್ದವು. ರಾಜನನ್ನೂ ಬಿಡದೆ ಕೆಣಕಿ ನಗಿಸುವ ಹನುಮನಾಯಕನಿದ್ದ. ‘ಕರಿಭಂಟನ ಕಾಳಗ’ದಂಥ, ಪುರಾಣದಿಂದಲ್ಲದೆ ನೆಲದಿಂದಲೇ ಎದ್ದ ಪ್ರಸಂಗಗಳಿದ್ದವು. ಹಾಗಿದ್ದೂ ಇಲ್ಲಿಂದ ಒಂದು ಯಕ್ಷರಂಗ ಏಕೆ ಹುಟ್ಟಲಿಲ್ಲ? ಕಾರಂತರಂಥವರು ಇಲ್ಲಿ ಇರಲಿಲ್ಲವೆಂಬ ಉತ್ತರ ಅರ್ಧ ಸತ್ಯ. ಕರಾವಳಿಯಲ್ಲಿ ದೇವಸ್ಥಾನಗಳ ಮೇಳಗಳುಂಟು. ಮಂದಾರ್ತಿಯ ಅಮ್ಮನಿಗೆ, ಧರ್ಮಸ್ಥಳದ ಮಂಜುನಾಥನಿಗೆ ಹರಕೆಯ ಆಟ ಆಡಿಸುವ ಭಕ್ತರುಂಟು. ದೀಪಾವಳಿಯ ಆಸುಪಾಸಿನಿಂದ ಮಳೆ ಹಿಡಿಯುವವರೆಗೆ ಕಲಾವಿದನಿಗೆ ಅದು ಕಸುಬು; ಕಾಲಿಗೆ ಗೆಜ್ಜೆ ಕಟ್ಟಿ ವರ್ಷಕ್ಕೆ ಆರು ತಿಂಗಳು ಕುಣಿಯುವವನ ಮೈಯಲ್ಲಿ ಹೆಜ್ಜೆ ಮರೆತರೂ ಪೂರ್ತಿ ಮರೆಯುವುದಿಲ್ಲ. ಮೂಡಲಪಾಯ ಕಸುಬಿನವರದಲ್ಲ, ಬೇಸಾಯಗಾರರದು. ಸುಗ್ಗಿ ಮುಗಿದ ಮೇಲೆ ಊರಿನವರು ಒಬ್ಬ ಭಾಗವತನನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಕಲಿತು, ಒಂದು ಆಟ ಆಡಿ, ಭಾಗವತನಿಗೆ ಮರ್ಯಾದೆ ಮಾಡಿ ಕಳಿಸುತ್ತಿದ್ದರು. ಕಲಿಸುವವನು ನಿಂತರೆ ಕಲಿಕೆ ನಿಂತಿತು.

ಕನ್ನಂಬಾಡಿಯ ನಾಲೆ ನೀರು ೧೯೩೦ರ ದಶಕದಿಂದೀಚೆಗೆ ಮಂಡ್ಯದ ಸೀಮೆಗೆ ಹರಿದು, ಗದ್ದೆ ಕಬ್ಬುಗಳ ಬೇಸಾಯ ವರ್ಷವಿಡೀ ಬಿಡುವಿಲ್ಲದಂತಾದದ್ದೂ ಒಂದು ಕಾರಣವಿರಬಹುದೆಂದು ನನ್ನ ಊಹೆ. ಅನ್ನ ಕೊಟ್ಟ ನೀರನ್ನು ದೂರಲಾದೀತೆ? ಅದಕ್ಕಿಂತ ದೊಡ್ಡ ಕಾರಣ, ನಾಟಕ ಕಂಪೆನಿಗಳ ಮಾದರಿ ಹಳ್ಳಿಗೆ ಬಂದದ್ದು. ಮುಖವೀಣೆಯ ಜಾಗಕ್ಕೆ ಹಾರ್ಮೋನಿಯಂ ಬಂತು, ಭಾಗವತನ ಜಾಗಕ್ಕೆ ಹಾರ್ಮೋನಿಯಂ ಮೇಷ್ಟ್ರು ಬಂದರು, ಬಯಲಿನ ಜಾಗಕ್ಕೆ ಬಾಡಿಗೆಯ ಸೀನರಿ ಬಂತು. ಇವತ್ತಿಗೂ ನಮ್ಮ ಕಡೆ ‘ಕುರುಕ್ಷೇತ್ರ’ ನಾಟಕಕ್ಕೆ ಕೃಷ್ಣನ ಪಾತ್ರ, ದುರ್ಯೋಧನನ ಪಾತ್ರ ಎಂದು ಕೈಯಿಂದ ಹಣ ಹಾಕಿ ಪಾತ್ರ ವಹಿಸುವ ರೈತರಿದ್ದಾರೆ. ಈ ಅಭಿಮಾನವನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಆದರೆ ಅಲ್ಲಿ ಯಾರೂ ಕುಣಿಯುವುದಿಲ್ಲ.

ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯಲ್ಲಿ ಹುಟ್ಟಿದ ಜೀಶಂಪ, ಎಂದರೆ ಜೀ. ಶಂ. ಪರಮಶಿವಯ್ಯನವರು (೧೯೩೩-೧೯೯೫), ಮೂಡಲಪಾಯದ ಅಳಿದುಳಿದ ಭಾಗವತರನ್ನು ಹುಡುಕಿ ಹೋದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ೧೯೬೮ರಲ್ಲಿ ಆರಂಭವಾದದ್ದರಲ್ಲಿ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರ ಜೊತ�ೆಗೆ ಅವರ ದುಡಿಮೆಯೂ ದೊಡ್ಡದು. ಅದೇ ತಾಲ್ಲೂಕಿನ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಸಂಗ್ರಹಿಸುವವರು ನಮಗೆ ಸಿಕ್ಕಿದರು, ಮಹನೀಯರೇ ಸಿಕ್ಕಿದರು. ಹತ್ತು ಹುಡುಗರನ್ನು ಒಂದು ಕಡೆ ಇಟ್ಟುಕೊಂಡು, ಸಂಬಳ ಕೊಟ್ಟು, ಹತ್ತು ವರ್ಷ ಕುಣಿಸುವ ತಂಡ ಸಿಕ್ಕಲಿಲ್ಲ.

ನಮ್ಮೂರಿನ ಕಡೆಯ ಹಿರಿಯರೊಬ್ಬರು ಪ್ರಾಯದಲ್ಲಿ ಹನುಮನಾಯಕನ ವೇಷ ಹಾಕಿದವರು. ಕೆಲವು ವರ್ಷಗಳ ಕೆಳಗೆ ನಾನೂ ನನ್ನ ಇಬ್ಬರು ವಿದ್ಯಾರ್ಥಿಗಳೂ ಅವರ ಜಗುಲಿಯಲ್ಲಿ ಒಂದು ಮಧ್ಯಾಹ್ನ ಕುಳಿತೆವು. ಮಾತು ಒಂದೂ ಮರೆತಿರಲಿಲ್ಲ. ರಾಜನಿಗೆ ಕೊಡುವ ಎದುರುತ್ತರ, ಮಧ್ಯೆ ಮಧ್ಯೆ ಊರಿನ ಗೌಡರಿಗೆ ತಗಲುವಂತೆ ಹಾಕಿದ ಕುಟುಕು, ಎಲ್ಲವನ್ನೂ ಒಂದೇ ಉಸುರಿಗೆ ಹೇಳಿ ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದರು. ಹೆಜ್ಜೆ ಹೇಗಿತ್ತು ಅಜ್ಜ ಎಂದು ವಿದ್ಯಾರ್ಥಿನಿ ಕೇಳಿದಾಗ ಗೋಡೆ ಹಿಡಿದು ಎದ್ದರು. ಎರಡು ಸಲ ಕಾಲೆತ್ತಿದರು, ಬಾಯಲ್ಲಿ ತಾಳ ಹಾಕಿದರು, ನಿಂತರು. ಮದ್ದಳೆಯವನಿದ್ದರೆ ತಾನಾಗಿ ಬರುತ್ತಿತ್ತು ಎಂದು ಕುಳಿತುಬಿಟ್ಟರು. ಕರಾವಳಿಯ ಬ್ಯಾಲೆಯಲ್ಲಿ ಮಾತು ಹೋಗಿ ಹೆಜ್ಜೆ ಉಳಿಯಿತು. ಇಲ್ಲಿ ಹೆಜ್ಜೆ ಹೋಗಿ ಮಾತು ಉಳಿದಿತ್ತು, ಅದೂ ಒಂದು ಜಗುಲಿಯ ಮೇಲೆ.

ಆ ಮಾತುಗಳನ್ನು ವಿದ್ಯಾರ್ಥಿನಿ ಬರೆದುಕೊಂಡಿದ್ದಾಳೆ, ಮೂವತ್ತೆರಡು ಪುಟ. ಮದ್ದಳೆ ಬಾರಿಸಬಲ್ಲವರು ಯಾರಾದರೂ ಇದ್ದಾರೆಯೇ ಎಂದು ನಾಗಮಂಗಲದ ಕಡೆ ವಿಚಾರಿಸುತ್ತಿದ್ದೇವೆ.